ದೇವರ ಜಗಲಿಯ ಬೆಳ್ಳಿ ಬಿಲ್ಲೆಗಳು

(ಕಾನಹೊಸಹಳ್ಳಿ ಸರ್ಕಾರಿ ಪ್ರೌಢಶಾಲೆಯ ಸುವರ್ಣ ಮಹೋತ್ಸವದ ಅಂಗವಾಗಿ ನಡೆದ ಹಳೆಯ ವಿದ್ಯಾರ್ಥಿಗಳ ಗೋಷ್ಠಿಯಲ್ಲಿ ಮಾಡಿದ ಭಾಷಣದ ಬರಹರೂಪ)



ನಾಣ್ಯಗಳ ಬಗ್ಗೆ ಮಾತಾಡಬೇಕು ಎಂದು ಸಮಿತಿಯವರು ಹೇಳಿದಾಗ, ಯಾವ ನಾಣ್ಯ ಎಂದು ಕೇಳಿದೆ. "ನಿಮಗೆ ತಿಳಿದಿದ್ದು" ಎಂದರು. ನಾನು ಮೂವತ್ತು ವರ್ಷದಿಂದ ಕೂಡಿಸಿಕೊಂಡು ಬಂದದ್ದು ಒಂದೇ ಬಗೆ: ದೇವರ ಚಿತ್ರವಿರುವ, ದೇವರ ಹೆಸರಿರುವ ಹಳೆಯ ಬೆಳ್ಳಿ ನಾಣ್ಯಗಳು. ಸಂಖ್ಯೆ ದೊಡ್ಡದಲ್ಲ. ಒಂದು ಊಟದ ಡಬ್ಬಿಯಲ್ಲಿ ಹಿಡಿಯುವಷ್ಟು. ಆದರೆ ಆ ಡಬ್ಬಿಯ ಅರ್ಧದಷ್ಟು ನಾಣ್ಯಗಳು ಈ ಸುತ್ತಿನ ಊರುಗಳಲ್ಲೇ ಸಿಕ್ಕಿದವು. ಕೂಡ್ಲಿಗಿ, ಕೊಟ್ಟೂರು, ಹರಪನಹಳ್ಳಿ, ಹಡಗಲಿ ಕಡೆಯ ಮನೆಗಳಲ್ಲಿ ಇನ್ನೂ ಎಷ್ಟಿವೆಯೋ. ಅವು ಪತ್ತಾರರ ಮೂಸೆಗೆ ಬೀಳುವ ಮೊದಲು ನಾಲ್ಕು ಮಾತು ಹೇಳಬೇಕೆಂದು ಬಂದಿದ್ದೇನೆ.

ಮೊದಲು ಒಂದು ವಿಚಿತ್ರ ಹೇಳುತ್ತೇನೆ. ನಾವು ವಿಜಯನಗರದ ಮಗ್ಗುಲಲ್ಲೇ ಇದ್ದೇವೆ. ಈಗ ನಮ್ಮ ಜಿಲ್ಲೆಯ ಹೆಸರೂ ಅದೇ. ಆ ಅರಸರು ನಾಣ್ಯದ ಮೇಲೆ ದೇವರನ್ನು ಕೂರಿಸಿದಷ್ಟು ಬೇರೆ ಯಾರೂ ಕೂರಿಸಲಿಲ್ಲ ಎನ್ನಬಹುದು. ಸಂಗಮರ ಆರಂಭದ ನಾಣ್ಯಗಳಲ್ಲಿ ಹನುಮಂತ, ಇಮ್ಮಡಿ ಹರಿಹರನ ಕಾಲಕ್ಕೆ ಉಮಾಮಹೇಶ್ವರ, ಲಕ್ಷ್ಮೀನರಸಿಂಹ, ಕೃಷ್ಣದೇವರಾಯನ ಕಾಲಕ್ಕೆ ಬಾಲಕೃಷ್ಣ, ಅಚ್ಯುತರಾಯನಿಗೆ ಗಂಡಭೇರುಂಡ. ಆದರೆ ಇವೆಲ್ಲ ಬಂಗಾರ. ಚಿಲ್ಲರೆ ವ್ಯವಹಾರ ತಾಮ್ರದಲ್ಲಿ. ಬೆಳ್ಳಿ ಮಾತ್ರ ಬಲು ಕಡಿಮೆ. 1443ರಲ್ಲಿ ಇಮ್ಮಡಿ ದೇವರಾಯನ ಆಸ್ಥಾನಕ್ಕೆ ಬಂದ ಪರ್ಷಿಯಾದ ರಾಯಭಾರಿ ಅಬ್ದುಲ್ ರಜಾಕ್ ಇಲ್ಲಿಯ ನಾಣ್ಯಗಳ ಲೆಕ್ಕ ಬರೆದಿಟ್ಟಿದ್ದಾನೆ: ವರಾಹ, ಅದರ ಅರ್ಧ ಪ್ರತಾಪ, ಪ್ರತಾಪದ ಹತ್ತನೇ ಒಂದು ಪಾಲು ಹಣ, ಹಣದ ಆರನೇ ಒಂದು ಪಾಲಿಗೆ 'ತಾರ' ಎಂಬ ಶುದ್ಧ ಬೆಳ್ಳಿಯ ನಾಣ್ಯ, ತಾರದ ಮೂರನೇ ಒಂದು ಪಾಲಿಗೆ ತಾಮ್ರದ ಜೀತಲ. ತಾರ ಎಂದರೆ ಉಗುರಿನ ಮೇಲೆ ಕೂರುವಷ್ಟು ಚಿಕ್ಕದು. ಆದ್ದರಿಂದ ಯಾರಾದರೂ ಅಂಗೈ ಅಗಲದ ಬೆಳ್ಳಿ ಬಿಲ್ಲೆ ತಂದು "ಇದು ಕೃಷ್ಣದೇವರಾಯನ ಕಾಲದ್ದು, ರಾಮದೇವರ ಛಾಪಿದೆ" ಎಂದರೆ ಕೈಮುಗಿದು ಕಳಿಸಿಬಿಡಿ. ಆ ಮಾತಿಗೆ ಮತ್ತೆ ಬರುತ್ತೇನೆ.

ನಮ್ಮ ಸೀಮೆಗೆ ಬೆಳ್ಳಿ ದೊಡ್ಡ ಪ್ರಮಾಣದಲ್ಲಿ ಬಂದದ್ದು ಸುಲ್ತಾನರ, ಮೊಗಲರ, ಆಮೇಲೆ ಮೈಸೂರಿನ ಹೈದರ್-ಟಿಪ್ಪು ಕಾಲದ ರೂಪಾಯಿಯ ಜೊತೆ. ಇವರ ನಾಣ್ಯಗಳಲ್ಲಿ ವಿಗ್ರಹ ಇರುವುದು ಅಪರೂಪ, ಅಕ್ಷರವೇ ಪ್ರಧಾನ. ಧರ್ಮ ಮಾತ್ರ ಇದ್ದೇ ಇದೆ. ಟಿಪ್ಪುವಿನ ಬೆಳ್ಳಿ ನಾಣ್ಯಗಳ ಹೆಸರು ಕೇಳಿ: ಎರಡು ರೂಪಾಯಿಯದು ಹೈದರಿ, ರೂಪಾಯಿ ಇಮಾಮಿ, ಅರ್ಧ ಆಬಿದಿ, ಪಾವಲಿ ಬಾಕಿರಿ, ಎರಡಾಣೆ ಜಾಫರಿ, ಆಣೆ ಕಾಜಿಮಿ, ಅರ್ಧಾಣೆ ಖಿಜ್ರಿ. ಇಮಾಮಿ ಎಂದರೆ ಹನ್ನೆರಡು ಇಮಾಮರ ನೆನಪು. ಆಬಿದಿ, ಬಾಕಿರಿ, ಜಾಫರಿ, ಕಾಜಿಮಿ ನಾಲ್ಕೂ ಸಾಲಾಗಿ ನಾಲ್ಕನೆಯ, ಐದನೆಯ, ಆರನೆಯ, ಏಳನೆಯ ಇಮಾಮರ ಹೆಸರು. ಸಂತೆಯಲ್ಲಿ ಜೋಳ ಅಳೆಯುವಾಗ ಜನ ಗೊತ್ತಿಲ್ಲದೆಯೇ ಇಮಾಮರ ಸರಣಿ ಎಣಿಸುತ್ತಿದ್ದರು. ಟಿಪ್ಪುವಿನ ಟಂಕಸಾಲೆಗಳಲ್ಲಿ ಒಂದು ಚಿತ್ರದುರ್ಗದಲ್ಲೇ ಇತ್ತು. ನಾಣ್ಯದ ಮೇಲೆ ಆ ಊರಿಗೆ ಇಟ್ಟ ಹೆಸರು ಫರ್ರುಖ್‌ಯಾಬ್ ಹಿಸಾರ್. ನಮ್ಮೂರಿನಿಂದ ಬಸ್ಸು ಹತ್ತಿದರೆ ಮುಟ್ಟುವ ಊರು ಅದು. ಅದೇ ಮನೆತನದ ಹೈದರ್ ಅಲಿ ತನ್ನ ಬಂಗಾರದ ಬಹದ್ದೂರಿ ವರಾಹದ ಮೇಲೆ ಶಿವಪಾರ್ವತಿಯರನ್ನು ಹಾಗೇ ಉಳಿಸಿಕೊಂಡಿದ್ದ, ಹಿಂಬದಿಗೆ ತನ್ನ ಹೆಸರಿನ ಒಂದು ಪರ್ಷಿಯನ್ ಅಕ್ಷರ ಹಾಕಿ. ಜನ ನಂಬುವ ಚಿತ್ರ ತೆಗೆದರೆ ನಾಣ್ಯ ಓಡುವುದಿಲ್ಲ ಎಂಬುದು ಅವನಿಗೆ ತಿಳಿದಿತ್ತು.

ಇದೇ ಲೆಕ್ಕಾಚಾರ ಇಂಗ್ಲಿಷರಿಗೂ ತಿಳಿದಿತ್ತು. ನನಗೆ ತುಂಬ ಪ್ರೀತಿಯ ನಾಣ್ಯ ಇರುವುದು ಇಲ್ಲೇ, ಸ್ವಲ್ಪ ಹೊತ್ತು ಇಲ್ಲಿ ನಿಲ್ಲುತ್ತೇನೆ.

1792 ಮತ್ತು 1799ರಲ್ಲಿ ಟಿಪ್ಪುವಿನಿಂದ ನಿಜಾಮರ ಕೈಗೆ ಹೋದ ನಮ್ಮ ಸೀಮೆ 1800ರಲ್ಲಿ ಕಂಪನಿ ಸರ್ಕಾರಕ್ಕೆ ಬಂತು. ದತ್ತ ಮಂಡಲ ಎನ್ನುತ್ತೇವಲ್ಲ, ಅದು. ಥಾಮಸ್ ಮನ್ರೋ 1807ರವರೆಗೆ ಇಲ್ಲಿ ಮುಖ್ಯ ಕಲೆಕ್ಟರ್. ಆಗ ಮದರಾಸಿನ ಲೆಕ್ಕಪತ್ರ ನಡೆಯುತ್ತಿದ್ದದ್ದು ವರಾಹದಲ್ಲಿ, ರೂಪಾಯಿಯಲ್ಲಲ್ಲ. ಒಂದು ವರಾಹಕ್ಕೆ 42 ಹಣ. 1807-08ರ ಸುಮಾರಿಗೆ ಮದರಾಸಿನ ಟಂಕಸಾಲೆ ಬೆಳ್ಳಿಯಲ್ಲಿ ಅರ್ಧ ವರಾಹ, ಕಾಲು ವರಾಹ ಎಂಬ ಎರಡು ನಾಣ್ಯ ಹೊರಡಿಸಿತು. ಅರ್ಧ ವರಾಹ ಸುಮಾರು 21 ಗ್ರಾಂ, ಕೈಯಲ್ಲಿಟ್ಟರೆ ಗಟ್ಟಿ ತೂಕ. ಒಂದು ಬದಿಗೆ ದೇವಸ್ಥಾನದ ಗೋಪುರ, ಅದರ ಎಡಬಲಕ್ಕೆ ನಕ್ಷತ್ರಗಳು, ಸುತ್ತ ಇಂಗ್ಲಿಷಿನಲ್ಲಿ ಮತ್ತು ಪರ್ಷಿಯನ್ನಿನಲ್ಲಿ ಬೆಲೆ. ಇನ್ನೊಂದು ಬದಿಗೆ ಚುಕ್ಕೆಗಳ ಉಂಗುರದ ನಡುವೆ ವಿಷ್ಣು, ಸುತ್ತ ತಮಿಳು ಮತ್ತು ತೆಲುಗಿನಲ್ಲಿ ಬೆಲೆ. ಕನ್ನಡ ಇಲ್ಲ. ಬಳ್ಳಾರಿ ಜಿಲ್ಲೆ, ಕೆನರಾ ಜಿಲ್ಲೆ ಎರಡೂ ಮದರಾಸಿನ ಕೈಯಲ್ಲಿದ್ದರೂ ಕನ್ನಡಕ್ಕೆ ಆ ಉಂಗುರದಲ್ಲಿ ಜಾಗ ಸಿಗಲಿಲ್ಲ. ಈಗಲೂ ಆ ನಾಣ್ಯ ತಿರುಗಿಸಿ ನೋಡುವಾಗ ನನಗೆ ಸಣ್ಣ ಸಿಟ್ಟು ಬರುತ್ತದೆ. ಕನ್ನಡ ಬೇಕೆಂದರೆ ಆ ಕಾಲದ ಮೈಸೂರಿಗೆ ಹೋಗಬೇಕು. ಮುಮ್ಮಡಿ ಕೃಷ್ಣರಾಜ ಒಡೆಯರ ತಾಮ್ರದ ಕಾಸಿನ ಮೇಲೆ ಸಿಂಹ, ಅದರ ಮೇಲೆ ಕನ್ನಡದಲ್ಲಿ 'ಶ್ರೀ ಚಾಮುಂಡಿ'. ಅವರ ಸಣ್ಣ ಬೆಳ್ಳಿ ನಾಣ್ಯಗಳ ಮೇಲೆ ಕುಣಿಯುವ ದೇವಿಯ ಆಕೃತಿ. ಅದೂ ಚಾಮುಂಡಿಯೇ ಎಂದು ಗುರುತಿಸುತ್ತಾರೆ.

ಮದರಾಸಿನ ವಿಷ್ಣುವಿನ ಇನ್ನೊಂದು ಗುಟ್ಟು ಕೇಳಿ. ಅಷ್ಟು ಬೆಳ್ಳಿ ಎಲ್ಲಿಂದ ಬಂತು? ನಮ್ಮ ದೇಶದಲ್ಲಿ ಬೆಳ್ಳಿಯ ಗಣಿ ಕಡಿಮೆ. ಅದು ಬಂದದ್ದು ಮೆಕ್ಸಿಕೋ, ಪೆರು ಸೀಮೆಯ ಗಣಿಗಳಿಂದ, ಸ್ಪೇನಿನ ಡಾಲರ್ ಎಂಬ ದೊಡ್ಡ ನಾಣ್ಯದ ರೂಪದಲ್ಲಿ, ಹಡಗಿನ ಮೇಲೆ. ಕೆಲವು ಸಲ ಮದರಾಸಿನವರು ಆ ಡಾಲರನ್ನು ಕರಗಿಸುವ ಗೋಜಿಗೂ ಹೋಗದೆ ಅದರ ಮೇಲೆಯೇ ತಮ್ಮ ಅಚ್ಚು ಹೊಡೆದರು. ಅಂಥ ನಾಣ್ಯ ಸಿಕ್ಕಿ, ಬೆಳಕಿಗೆ ಓರೆಯಾಗಿ ಹಿಡಿದರೆ, ವಿಷ್ಣುವಿನ ಪಾದದ ಕೆಳಗೋ ಗೋಪುರದ ಪಕ್ಕದಲ್ಲೋ ಸ್ಪೇನಿನ ರಾಜನ ಹೆಸರಿನ ಒಂದೆರಡು ಅಕ್ಷರ, ಅವನ ಕೂದಲಿನ ಗೆರೆ ಮಸುಕಾಗಿ ಕಾಣುತ್ತದೆ. ಸಮುದ್ರದಾಚೆಯ ಗಣಿಯಲ್ಲಿ ಯಾರೋ ಅಗೆದ ಬೆಳ್ಳಿ ರಾಜನ ಮುಖ ಹೊತ್ತು ಬಂದು, ಇಲ್ಲಿ ದೇವರಾಗಿ, ನಮ್ಮ ರೈತನ ಕಂದಾಯವಾಯಿತು. ಭೂಗೋಳ, ಇತಿಹಾಸ ಬೇರೆ ಬೇರೆ ಪೀರಿಯಡ್ ಎಂದು ಟೈಮ್‌ಟೇಬಲ್ ಹಾಕುತ್ತೇವೆ. ಈ ಬಿಲ್ಲೆಗೆ ಅದು ಗೊತ್ತಿಲ್ಲ.

ಇದರ ಕಾಲು ವರಾಹ ನಾನು ಮೊದಲು ನೋಡಿದ್ದು ಅಂಗಡಿಯಲ್ಲಿ ಅಲ್ಲ, ಕೊಟ್ಟೂರು ಕಡೆಯ ಒಂದು ಹಳ್ಳಿಯಲ್ಲಿ, ಅರಿಶಿನ ಬಟ್ಟೆಯ ಗಂಟಿನಲ್ಲಿ. ಆ ಮನೆಯವರು ಅದನ್ನು "ತಿಮ್ಮಪ್ಪನ ಬಿಲ್ಲೆ" ಎನ್ನುತ್ತಿದ್ದರು. ತಿರುಪತಿಗೆ ಕಟ್ಟಿದ ಮುಡಿಪು ಯಾವುದೋ ಕಾರಣಕ್ಕೆ ತಲುಪದೆ ಉಳಿದಿದೆ, ನಾಲ್ಕು ತಲೆಮಾರಿನಿಂದ ಜಗಲಿಯ ಮೇಲೆಯೇ ಇದೆ ಎಂದರು. ಕುಂಕುಮ ಹತ್ತಿಹತ್ತಿ ಗೋಪುರದ ಸಂದಿಯೆಲ್ಲ ಕೆಂಪಾಗಿತ್ತು. ನಾನು ಕೊಡಿ ಎಂದು ಕೇಳಲಿಲ್ಲ. ತೂಗಿದೆ, ಅಳೆದೆ, ಎರಡೂ ಬದಿಯ ಫೋಟೋ ತೆಗೆದೆ, ಆ ಅಜ್ಜಿ ಹೇಳಿದ್ದನ್ನು ನೋಟ್‌ಬುಕ್ಕಿನಲ್ಲಿ ಬರೆದುಕೊಂಡೆ. ನನ್ನ ಡಬ್ಬಿಯಲ್ಲಿ ಹಣ ಕೊಟ್ಟು ತಂದ ಕಾಲು ವರಾಹ ಒಂದಿದೆ, ಅದಕ್ಕಿಂತ ಚೊಕ್ಕವಾಗಿದೆ. ಆದರೆ ಅದು ಯಾರ ಮನೆಯದು, ಯಾವ ಹರಕೆಯದು, ಏನೂ ಗೊತ್ತಿಲ್ಲ. ಮೂಕ ಬಿಲ್ಲೆ. ಎರಡರಲ್ಲಿ ಯಾವುದು ದೊಡ್ಡ ಸಂಗ್ರಹ ಎಂದು ಕೇಳಿದರೆ ನಾನು ನೋಟ್‌ಬುಕ್ಕಿನ ಆ ಪುಟ ತೋರಿಸುತ್ತೇನೆ.

1818ರಲ್ಲಿ ಮದರಾಸೂ ರೂಪಾಯಿಗೆ ಬಂತು. 1835ರಲ್ಲಿ ಕಂಪನಿಯ ಆಳ್ವಿಕೆಯ ಎಲ್ಲ ಸೀಮೆಗೂ ಒಂದೇ ರೂಪಾಯಿ, ಅದರ ಮೇಲೆ ವಿಲಿಯಂ ದೊರೆಯ ಮುಖ. ಅಲ್ಲಿಗೆ ಕಂಪನಿಯ ನಾಣ್ಯದಿಂದ ದೇವರು ಇಳಿದರು. ಆದರೆ ನಮ್ಮ ಜನ ಏನು ಮಾಡಿದರು ನೋಡಿ: ದೇವರಿಲ್ಲದ ಆ ರೂಪಾಯಿಯನ್ನೇ ದೇವರು ಮಾಡಿಕೊಂಡರು. ದೀಪಾವಳಿಯ ಲಕ್ಷ್ಮೀಪೂಜೆಗೆ ಕಲಶದ ಮುಂದೆ ವಿಕ್ಟೋರಿಯಾ ರಾಣಿ, ಎಡ್ವರ್ಡ್, ಐದನೇ ಜಾರ್ಜ್. ಮೂವರಿಗೂ ಅರಿಶಿನ ಕುಂಕುಮ. ಹೊಸ ಅಂಗಡಿಯ ತಿಜೋರಿಗೆ ಮೊದಲು ಬೀಳುವುದು ರಾಣಿ ಛಾಪಿನ ರೂಪಾಯಿ. ಲಂಬಾಣಿ ತಾಂಡಾಗಳ ಹಿರಿಯ ಹೆಣ್ಣುಮಕ್ಕಳ ಕೊರಳಲ್ಲಿ, ಕಂಚಳಿಯಲ್ಲಿ ಇವೇ ರೂಪಾಯಿ, ಪಾವಲಿಗಳು ಸಾಲಾಗಿ. ಕೊಂಡಿ ಬೆಸೆದ, ತೂತು ಹಾಕಿದ ನಾಣ್ಯಕ್ಕೆ ಬೆಲೆ ಇಲ್ಲ ಎಂದು ಪೇಟೆಯ ವ್ಯಾಪಾರಿಗಳು ಮೂಗು ಮುರಿಯುತ್ತಾರೆ. ನಾನು ಒಪ್ಪುವುದಿಲ್ಲ. ಆ ಕೊಂಡಿಯೇ ಅದರ ಚರಿತ್ರೆ.

ಈ ರೂಪಾಯಿಯ ತೂಕ ಒಂದು ತೊಲ, ಅಂದರೆ 11.66 ಗ್ರಾಂ. ನೂರಕ್ಕೆ ಸುಮಾರು 91.7 ಪಾಲು ಬೆಳ್ಳಿ. 1940ರಿಂದ ಅದು ಅರ್ಧಕ್ಕೆ ಇಳಿಯಿತು, 1947ರಲ್ಲಿ ಬೆಳ್ಳಿ ಹೋಗಿ ನಿಕ್ಕಲ್ ಬಂತು. ಯುದ್ಧದ ಆ ವರ್ಷಗಳಲ್ಲಿ ಸರ್ಕಾರ ಹಳೆಯ ಬೆಳ್ಳಿ ರೂಪಾಯಿಗಳನ್ನು ಹಿಂದಕ್ಕೆ ಪಡೆಯಿತು. ಜನ ಬಚ್ಚಿಟ್ಟುಕೊಂಡದ್ದು ಮಾತ್ರ ಉಳಿಯಿತು. ಉಳಿದದ್ದೂ ಕರಗುತ್ತಾ ಬಂದಿದೆ: ಇಷ್ಟಲಿಂಗದ ಕರಡಿಗೆಗೆ, ಮಗಳ ಕಾಲ್ಗೆಜ್ಜೆಗೆ, ಊರಮ್ಮನ ಬೆಳ್ಳಿ ಮುಖಕ್ಕೆ. ಇದನ್ನು ತಪ್ಪು ಎನ್ನಲಾರೆ. ಬೆಳ್ಳಿ ಇರುವುದೇ ಹೆಣ್ಣುಮಕ್ಕಳ ಕಷ್ಟಕಾಲಕ್ಕೆ. ನನ್ನ ಬೇಡಿಕೆ ಇಷ್ಟೇ, ಕರಗಿಸುವ ಮೊದಲು ಇಸವಿ ನೋಡಿ.

ಯಾಕೆಂದರೆ ಇಸವಿಯಲ್ಲಿ ಕಥೆ ಇರುತ್ತದೆ. 1911ರ ಐದನೇ ಜಾರ್ಜ್ ರೂಪಾಯಿ ನಿಮ್ಮ ಮನೆಯಲ್ಲಿದ್ದರೆ ದೊರೆಯ ಎದೆಯ ಮೇಲಿನ ನಿಲುವಂಗಿ ನೋಡಿ. ಅಲ್ಲಿ ಪದಕದ ಸರಪಳಿಯಲ್ಲಿ ಒಂದು ಪುಟ್ಟ ಆನೆ ಇದೆ. ಸೊಂಡಿಲು ಮೊಂಡಾಗಿ, ಕಾಲು ಗಿಡ್ಡವಾಗಿ, ಅದು ಆನೆಯಂತೆ ಕಾಣದೆ ಹಂದಿಯಂತೆ ಕಂಡಿತು. ಮುಸಲ್ಮಾನರಿಗೆ ಇದು ಅವಮಾನ ಎಂದು ಗದ್ದಲವಾಯಿತು. ಅಚ್ಚಾದದ್ದು ಸುಮಾರು 94 ಲಕ್ಷ, ಹೊರಗೆ ಹೋದದ್ದು ಸುಮಾರು 7 ಲಕ್ಷ. ಸರ್ಕಾರ ಅಲ್ಲಿಗೇ ನಿಲ್ಲಿಸಿ ಉಳಿದದ್ದನ್ನು ಕರಗಿಸಿತು. 1912ರಲ್ಲಿ ಸೊಂಡಿಲು ತಿದ್ದಿದ ಆನೆ ಬಂತು. ದೇವರ ಚಿತ್ರ ಇಲ್ಲದ ನಾಣ್ಯದಲ್ಲೂ ಜನ ಧರ್ಮವನ್ನು ಹುಡುಕಿ ನೋಡುತ್ತಿದ್ದರು ಎಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಡ. ಎದುರು ದಿಕ್ಕಿನ ಸಾಕ್ಷಿಯೂ ಉಂಟು. ಅಕ್ಬರ್ ಬಾದಶಹನ ಕೊನೆಯ ದಿನಗಳಲ್ಲಿ, 1604-05ರ ಸುಮಾರಿಗೆ, ಬಿಲ್ಲು ಹಿಡಿದ ರಾಮ, ಅವನ ಜೊತೆಗೆ ಸೀತೆ ಇರುವ ಬೆಳ್ಳಿಯ ಅರ್ಧ ರೂಪಾಯಿ ಹೊರಟಿತು, ನಾಗರಿಯಲ್ಲಿ 'ರಾಮ ಸೀಯ' ಎಂದು ಬರೆದು. ಅದನ್ನು ನಾನು ಚಿತ್ರದಲ್ಲಿ ಮಾತ್ರ ನೋಡಿದ್ದೇನೆ.

ಈಗ ಮೊದಲು ಬಿಟ್ಟ ಮಾತಿಗೆ ಬರುತ್ತೇನೆ. ರಾಮನ ಹೆಸರು ಬಂತಲ್ಲ.

ನಮ್ಮ ಊರುಗಳಲ್ಲಿ ತುಂಬ ಸಿಗುವುದು ರಾಮಟಂಕಿ. ಒಂದು ಬದಿಗೆ ರಾಮ ಪಟ್ಟಾಭಿಷೇಕ, ಇನ್ನೊಂದು ಬದಿಗೆ ಬಿಲ್ಲು ಹಿಡಿದ ರಾಮಲಕ್ಷ್ಮಣರು, ಸುತ್ತ ಓದಲು ಬಾರದ ಅಕ್ಷರ. ಇದು ನಾಣ್ಯವಲ್ಲ. ಯಾವ ಅರಸನೂ ಇದನ್ನು ಚಲಾವಣೆಗೆ ಬಿಡಲಿಲ್ಲ. ಕ್ಷೇತ್ರಗಳಲ್ಲಿ, ಜಾತ್ರೆಗಳಲ್ಲಿ ಪೂಜೆಗೆಂದು ಮಾರಿದ ಬಿಲ್ಲೆ. ಹಿತ್ತಾಳೆಯದು, ಬೆಳ್ಳಿ ನೀರು ಕುಡಿಸಿದ್ದು, ಅಪರೂಪಕ್ಕೆ ನಿಜ ಬೆಳ್ಳಿಯದು. ಅದರ ಮೇಲೆ ಎಷ್ಟೇ ಹಳೆಯ ಇಸವಿ ಇದ್ದರೂ ನಂಬಬೇಡಿ. ಹಾಗೆಂದು ಕಡೆಗಣಿಸಲೂಬೇಡಿ. ಪೂಜೆಯ ವಸ್ತುವಾಗಿ ಅದಕ್ಕೆ ಅದರದೇ ಚೆಲುವಿದೆ, ಹಳೆಯವು ನೂರು ವರ್ಷಕ್ಕೂ ಮೇಲಿನವು ಇವೆ. ನಾನೂ ಹತ್ತಾರು ಇಟ್ಟುಕೊಂಡಿದ್ದೇನೆ, ಬೇರೆ ಡಬ್ಬಿಯಲ್ಲಿ.

ಕೇಡು ಶುರುವಾಗುವುದು ಇಂಥವನ್ನು ನಾಣ್ಯ ಎಂದು ಮಾರುವಾಗ. 1818ನೇ ಇಸವಿ, ಈಸ್ಟ್ ಇಂಡಿಯಾ ಕಂಪನಿ ಹೆಸರು, ಒಂದಾಣೆ ಎಂಬ ಬೆಲೆ, ಇನ್ನೊಂದು ಬದಿಗೆ ಹನುಮಂತನೋ ರಾಮನ ದರ್ಬಾರೋ: ಇಂಥ ಬಿಲ್ಲೆ ನಿಮ್ಮಲ್ಲಿ ಅನೇಕರು ನೋಡಿರಬಹುದು. ಲಕ್ಷ ಲಕ್ಷ ಬೆಲೆ ಬಾಳುತ್ತದೆ ಎಂದು ಹೇಳುತ್ತಾರೆ. ಕಂಪನಿ ಅಂಥ ನಾಣ್ಯವನ್ನು ಹೊರಡಿಸಲೇ ಇಲ್ಲ. ಬ್ರಿಟಿಷ್ ಸರ್ಕಾರದ ಒಂದಾಣೆ ಬಿಲ್ಲೆ ಜನರ ಕೈಗೆ ಬಂದದ್ದು 1907ರಲ್ಲಿ, ಅದೂ ತಾಮ್ರ-ನಿಕ್ಕಲ್ ಮಿಶ್ರಣದ್ದು, ಅಂಚು ಹೂವಿನ ದಳದ ಹಾಗೆ. 1818ಕ್ಕೆ ಒಂದಾಣೆ ಎಲ್ಲಿಂದ ಬರಬೇಕು? ಇದಕ್ಕಿಂತ ಕೆಟ್ಟದ್ದು "ಅಕ್ಕಿ ಎಳೆಯುವ ನಾಣ್ಯ"ದ ವ್ಯಾಪಾರ. ದೈವಶಕ್ತಿಯಿಂದ ಅಕ್ಕಿಕಾಳನ್ನು ತನ್ನತ್ತ ಸೆಳೆಯುತ್ತದೆ, ವಿದೇಶದವರು ಕೋಟಿ ಕೊಡುತ್ತಾರೆ, ಪರೀಕ್ಷೆಯ ಖರ್ಚಿಗೆ ಮೊದಲು ಇಷ್ಟು ಕಟ್ಟಿ ಎನ್ನುತ್ತಾರೆ. ನನ್ನ ಬಳಗದ ಒಬ್ಬರು ಎರಡೆಕರೆ ಹೊಲ ಮಾರಿ ಅಂಥ ಬಿಲ್ಲೆಯ ಪಾಲು ಕೊಂಡರು. ಬಿಲ್ಲೆಯೂ ಇಲ್ಲ, ಹೊಲವೂ ಇಲ್ಲ. ಅಕ್ಕಿಯಲ್ಲಿ ಕಬ್ಬಿಣದ ಪುಡಿ ಸೇರಿಸಿ, ಬಿಲ್ಲೆಯಡಿ ಅಯಸ್ಕಾಂತ ಇಟ್ಟರೆ ಯಾವ ಬಿಲ್ಲೆಯೂ ಅಕ್ಕಿ ಎಳೆಯುತ್ತದೆ. ಇದನ್ನು ವಿಜ್ಞಾನದ ಮೇಷ್ಟ್ರು ಐದು ನಿಮಿಷದಲ್ಲಿ ಮಾಡಿ ತೋರಿಸುತ್ತಾರೆ.

ನಿಜವಾದ ಪರೀಕ್ಷೆಯೂ ನಮ್ಮ ಪ್ರಯೋಗಾಲಯದಲ್ಲೇ ಆಗುತ್ತದೆ. ಆರ್ಕಿಮಿಡೀಸನ ಪಾಠ ಮರೆತಿಲ್ಲ ತಾನೇ? ಚಿಕ್ಕ ಎಲೆಕ್ಟ್ರಾನಿಕ್ ತಕ್ಕಡಿಯ ಮೇಲೆ ಲೋಟದಲ್ಲಿ ನೀರಿಟ್ಟು ಸೊನ್ನೆಗೆ ತನ್ನಿ. ರೂಪಾಯಿಗೆ ದಾರ ಕಟ್ಟಿ, ತಳ ಮುಟ್ಟದಂತೆ ನೀರಿನಲ್ಲಿ ಇಳಿಬಿಡಿ. ಹಳೆಯ ಬೆಳ್ಳಿ ರೂಪಾಯಿಯಾದರೆ ತಕ್ಕಡಿ 1.13 ಗ್ರಾಂ ಆಸುಪಾಸು ತೋರಿಸಬೇಕು. ಅಷ್ಟೇ ತೂಕದ ತಾಮ್ರ-ನಿಕ್ಕಲ್ ಬಿಲ್ಲೆ 1.31 ತೋರಿಸುತ್ತದೆ, ಹಿತ್ತಾಳೆ ಇನ್ನೂ ಹೆಚ್ಚು. ಉಜ್ಜುವುದು, ಕೊರೆಯುವುದು, ಆಸಿಡ್ ಹಾಕುವುದು ಏನೂ ಬೇಡ. ನಾಣ್ಯಕ್ಕೆ ನೋವಾಗದ ಪರೀಕ್ಷೆ. ಜೊತೆಗೆ ಅಂಚು ನೋಡಿ: ಅಚ್ಚೊತ್ತಿದ ನಾಣ್ಯದ ಅಂಚಿನ ಗೆರೆಗಳು ಚೊಕ್ಕವಾಗಿರುತ್ತವೆ, ಎರಕ ಹೊಯ್ದದ್ದರ ಅಂಚಿನಲ್ಲಿ ಬೆಸುಗೆಯ ಸಾಲು, ಮೈಮೇಲೆ ಸೂಜಿಮೊನೆಯಂಥ ಗುಳಿಗಳು ಕಾಣುತ್ತವೆ.

ಇನ್ನೊಂದು ಮಾತು, ಇದು ಗಂಡಸರಿಗೆ. ಹೊಲ ಉಳುವಾಗ, ಪಾಯ ತೋಡುವಾಗ ಕುಡಿಕೆ ಸಿಕ್ಕರೆ ಹಂಚಿಕೊಂಡು ಕರಗಿಸಬೇಡಿ. ನೆಲದಲ್ಲಿ ಹುದುಗಿದ್ದು ಸಿಕ್ಕರೆ ಸರ್ಕಾರಕ್ಕೆ ತಿಳಿಸಬೇಕೆಂಬ ಕಾಯ್ದೆ 1878ರಿಂದಲೂ ಇದೆ. ಬಚ್ಚಿಟ್ಟರೆ ಅಪರಾಧ. ತಹಶೀಲ್ದಾರರಿಗೆ ಹೇಳಿದರೆ ಹೇಳಿದವನನ್ನೇ ಕಳ್ಳನ ಹಾಗೆ ನೋಡುತ್ತಾರೆ ಎಂಬ ಭಯ ಹಳ್ಳಿಯಲ್ಲಿದೆ, ಅದು ಸುಳ್ಳು ಭಯವೂ ಅಲ್ಲ. ಅದಕ್ಕೇ ಊರಿನ ನಾಲ್ಕು ಜನರನ್ನು, ಶಾಲೆಯ ಹೆಡ್‌ಮಾಸ್ಟರನ್ನು ಕರೆದು, ಕುಡಿಕೆ ಇದ್ದಲ್ಲೇ ಇರುವಾಗ ಫೋಟೋ ತೆಗೆಸಿ, ಪಂಚನಾಮೆ ಬರೆಸಿ ಆಮೇಲೆ ಹೋಗಿ. ನಿಧಿಯ ಆಸೆಗೆ ಅಡವಿಯ ಗುಡಿಗಳ ಬಸವಣ್ಣನನ್ನು ಒಡೆದು, ಗರ್ಭಗುಡಿ ಅಗೆದವರ ಬಗ್ಗೆ ನಾನು ಹೇಳಬೇಕಾಗಿಲ್ಲ. ಒಡೆದ ಬಸವಣ್ಣಗಳನ್ನು ನೀವೇ ನೋಡಿದ್ದೀರಿ. ನೂರು ವರ್ಷ ದಾಟಿದ ನಾಣ್ಯ 1972ರ ಕಾಯ್ದೆಯಂತೆ ಪುರಾತನ ವಸ್ತು. ಅದನ್ನು ನೀವಾಗಲಿ ನಾನಾಗಲಿ ದೇಶದ ಹೊರಗೆ ಕಳಿಸುವಂತಿಲ್ಲ. ಅಮೆರಿಕದಲ್ಲಿರುವ ಮಗನ ಕೈಗೆ ಅಜ್ಜಿಯ ವಿಕ್ಟೋರಿಯಾ ರೂಪಾಯಿ ಕೊಟ್ಟು ಕಳಿಸುವವರು ಇದನ್ನು ನೆನಪಿಡಿ.

ತಾಯಂದಿರಿಗೂ ಒಂದು ಕೋರಿಕೆ. ಹಬ್ಬದ ಮುಂಚಿನ ದಿನ ಹುಣಸೆಹಣ್ಣು, ವಿಭೂತಿ ಹಾಕಿ ತಿಕ್ಕುತ್ತೀರಲ್ಲ, ದೀಪದ ಕಂಬಕ್ಕೆ ಅದು ಸರಿ. ನಾಣ್ಯಕ್ಕೆ ಬೇಡ. ವರ್ಷಕ್ಕೊಂದು ಸಲದಂತೆ ನೂರು ವರ್ಷ ತಿಕ್ಕಿದರೆ ರಾಣಿಯ ಮೂಗೂ ಉಳಿಯುವುದಿಲ್ಲ, ದೇವರ ಮುಖವೂ ಉಳಿಯುವುದಿಲ್ಲ. ಕಪ್ಪಾಗಿದ್ದರೆ ಇರಲಿ ಬಿಡಿ, ಆ ಕಪ್ಪು ಬೆಳ್ಳಿಗೆ ಕಂಬಳಿ ಇದ್ದ ಹಾಗೆ. ಒಣ ಹತ್ತಿಬಟ್ಟೆಯಲ್ಲಿ ಸುತ್ತಿಡಿ, ಪ್ಲಾಸ್ಟಿಕ್ ಚೀಲ ಬೇಡ.

ಸಮಿತಿಯವರ ಮುಂದೆ ನಾನು ಇಟ್ಟಿರುವ ಕೆಲಸ ಒಂದಿದೆ. ಈ ಶಾಲೆಯಲ್ಲಿ ಒಂದು ದಪ್ಪ ರಿಜಿಸ್ಟರ್ ಇರಲಿ. ಒಂಬತ್ತನೇ ತರಗತಿಯ ಮಕ್ಕಳು ತಮ್ಮ ತಮ್ಮ ಮನೆಯ ಹಳೆಯ ನಾಣ್ಯಗಳ ತೂಕ, ಅಡ್ಡಳತೆ, ಇಸವಿ, ಚಿತ್ರ, ಮನೆಯಲ್ಲಿ ಅದಕ್ಕೆ ಕರೆಯುವ ಹೆಸರು, ಅಜ್ಜ ಅಜ್ಜಿ ಹೇಳುವ ಮಾತು, ಇಷ್ಟನ್ನು ಬರೆಯಲಿ. ನಾಣ್ಯ ಮನೆಯಲ್ಲೇ ಇರಲಿ, ಪೂಜೆಯಲ್ಲೇ ಇರಲಿ. ಮನೆಯ ಹೆಸರಿನ ಬದಲು ಒಂದು ಸಂಖ್ಯೆ ಹಾಕಿದರೆ ಕಳ್ಳರ ಭಯವೂ ಇಲ್ಲ. ಯಾವ ಸಂಖ್ಯೆ ಯಾರದೆಂಬ ಚೀಟಿ ಹೆಡ್‌ಮಾಸ್ಟರರ ಬೀರುವಿನಲ್ಲಿರಲಿ. ಎ.ವಿ. ನರಸಿಂಹಮೂರ್ತಿಯವರಂಥ ವಿದ್ವಾಂಸರು ಕರ್ನಾಟಕದ ನಾಣ್ಯಗಳ ಬಗ್ಗೆ ದೊಡ್ಡ ಕೆಲಸ ಮಾಡಿದ್ದಾರೆ. ಆದರೆ ನಮ್ಮ ಜಗಲಿಗಳ ಮೇಲೆ ಏನಿದೆ ಎಂದು ಹೊರಗಿನವರು ಬಂದು ಬರೆಯಲಾರರು. ಅದು ಮನೆಯ ಮಕ್ಕಳಿಂದಲೇ ಆಗಬೇಕು. ಕಮಲಾಪುರದ ವಸ್ತುಸಂಗ್ರಹಾಲಯಕ್ಕೆ ಮಕ್ಕಳನ್ನು ಕರೆದುಕೊಂಡು ಹೋದಾಗ ಶಿಲ್ಪಗಳ ಮುಂದೆ ಫೋಟೋ ತೆಗೆಸಿ ಬಸ್ಸು ಹತ್ತಿಸಬೇಡಿ, ಗಾಜಿನ ಪೆಟ್ಟಿಗೆಗಳ ಮುಂದೆಯೂ ನಿಲ್ಲಿಸಿ.

ಮೊದಲ ಹತ್ತು ಪುಟ ಇವತ್ತೇ ತುಂಬಲಿ ಎಂದು ತಕ್ಕಡಿ ತಂದಿದ್ದೇನೆ. ಊಟವಾದ ಮೇಲೆ ವಿಜ್ಞಾನ ಪ್ರಯೋಗಾಲಯದಲ್ಲಿ ಕುಳಿತಿರುತ್ತೇನೆ, ಸಂಜೆ ಐದರವರೆಗೆ. ಮನೆ ಹತ್ತಿರ ಇರುವವರು ಹೋಗಿ ತನ್ನಿ. ತೊಳೆಯದೆ ತನ್ನಿ. ಕೊಳ್ಳುವುದಿಲ್ಲ, ಮಾರುವುದಿಲ್ಲ, ಬೆಲೆ ಹೇಳುವುದಿಲ್ಲ; ಯಾವುದು ಎಂದು ಹೇಳಿ, ಬರೆದುಕೊಂಡು, ನಿಮ್ಮ ಕೈಗೇ ವಾಪಸು ಕೊಡುತ್ತೇನೆ. 1911ರ ರೂಪಾಯಿ ಸಿಕ್ಕವರು ಮಾತ್ರ ಸರದಿ ಬಿಟ್ಟು ಮುಂದೆ ಬರಬಹುದು.